ಹಳೇ ಗಾಡಿಯ ಮುಂದಿನ ಬ್ರೇಕು

ಹೊಸಕೋಟೆ ದಾಟಿ ನರಸಾಪುರ, ಕೋಲಾರ, ಮುಳಬಾಗಿಲು, ನಂಗಲಿ ಹಾದು ಆಂಧ್ರದ ಗಡಿ ಮುಟ್ಟುವ ರಾಷ್ಟ್ರೀಯ ಹೆದ್ದಾರಿ ಹಿರಿಯರ ಬಾಯಲ್ಲಿ ಇನ್ನೂ ಮದ್ರಾಸ್ ರೋಡು. ಜಾವಾ, ಎಜ್ಡಿ, ಬುಲೆಟ್, ರಾಜದೂತ್‌ಗಳು ಹೊಸದಾಗಿ ಓಡಾಡುತ್ತಿದ್ದ ಕಾಲಕ್ಕೆ ಅದು ಇಕ್ಕಟ್ಟಿನ ದಾರಿ. ಎದುರಿಗೆ ಬಸ್ಸು ಬಂದರೆ ವೇಗ ಇಳಿಸಿ, ಮಣ್ಣಿಗೆ ಸರಿದು ದಾರಿ ಬಿಡಬೇಕಿತ್ತು. ಗಾಡಿಯ ಬ್ರೇಕಿಗೆ ಅಂಥ ದೊಡ್ಡ ಕೆಲಸವೇನೂ ಬೀಳುತ್ತಿರಲಿಲ್ಲ. ಈಗ ನಡುವೆ ಡಿವೈಡರ್ ಇದೆ, ಮದ್ರಾಸ್ ಬಂದರಿಗೆ ಹೋಗುವ ಕಂಟೇನರ್ ಲಾರಿಗಳಿವೆ, ಶಿಫ್ಟ್ ಮುಗಿಸಿ ಬರುವ ಕಂಪನಿ ಬಸ್ಸುಗಳಿವೆ, ಟೊಮೆಟೊ ಕ್ರೇಟು ಹೇರಿಕೊಂಡು ಎಪಿಎಂಸಿ ಹರಾಜಿಗೆ ಮುಟ್ಟಲು ಧಾವಿಸುವ ಪಿಕಪ್‌ಗಳಿವೆ. ಇವುಗಳ ನಡುವೆ ಅದೇ ಹಳೇ ಗಾಡಿಗಳು ಇನ್ನೂ ಓಡುತ್ತಿವೆ. ಕೆಲವು ಹಾಲಿನ ಕ್ಯಾನು ಹೊರುತ್ತವೆ. ಕೆಲವಕ್ಕೆ ಭಾನುವಾರ ಮಾತ್ರ ಬಿಸಿಲು. ಕೆಲವನ್ನು ತಾತನ ಕೊಟ್ಟಿಗೆಯಿಂದ ಹೊರಗೆಳೆದು ಮೊಮ್ಮಗ ಹೊಸದಾಗಿ ಬಣ್ಣ ಹೊಡೆಸಿದ್ದಾನೆ.

ಆ ಮೊಮ್ಮಗ ಟ್ಯಾಂಕಿಗೆ ಕ್ರೋಮ್ ಮಾಡಿಸುತ್ತಾನೆ, ಸೀಟು ಹೊಲಿಸುತ್ತಾನೆ, ಇಂಜಿನ್ ಬಿಚ್ಚಿಸಿ ಬೋರ್ ಮಾಡಿಸುತ್ತಾನೆ. ಮುಂದಿನ ಚಕ್ರದ ಹಬ್ಬನ್ನು ಹೊರಗಿಂದ ಪಾಲಿಶ್ ಮಾಡಿಸಿ ಅಲ್ಲಿಗೆ ಬಿಡುತ್ತಾನೆ. ಅದರೊಳಗೆ ನಲವತ್ತು ವರ್ಷದ ಹಿಂದೆ ಕೂತ ಬ್ರೇಕ್ ಶೂ ಗಾಜಿನಂತೆ ನಯವಾಗಿ ಕುಳಿತಿರುತ್ತದೆ. ಈ ಕ್ರಮ ತಲೆಕೆಳಗಾಗಬೇಕು ಎನ್ನುವುದಕ್ಕಾಗಿಯೇ ಈ ಬರಹ. ರಸ್ತೆಯಲ್ಲಿ ಓಡುವ ಹಳೇ ಗಾಡಿಯಲ್ಲಿ ಮೂಲರೂಪದ ಹಟವನ್ನು ಮೊದಲು ಸಡಿಲಿಸಬೇಕಾದ ಜಾಗ ಮುಂದಿನ ಬ್ರೇಕು. ಆದರೆ ಅದನ್ನು ಎಷ್ಟು ಬಲಪಡಿಸಬಹುದು ಎಂಬುದನ್ನು ಮಿಕ್ಕ ಗಾಡಿಯ ತಾಳಿಕೆ ನಿರ್ಧರಿಸಬೇಕೇ ಹೊರತು ನಮ್ಮ ಆಸೆಯಲ್ಲ.

ನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಹೋಂಡಾ ಕಂಪನಿಯ ದ್ವಿಚಕ್ರ ಕಾರ್ಖಾನೆ 2013ರಲ್ಲಿ ಶುರುವಾಯಿತು. 2019ರ ಏಪ್ರಿಲ್‌ನಿಂದ ದೇಶದಲ್ಲಿ ಮಾರಾಟವಾಗುವ 125 ಸಿಸಿಗಿಂತ ದೊಡ್ಡ ಹೊಸ ಗಾಡಿಗಳಿಗೆಲ್ಲ ಎಬಿಎಸ್, ಅದಕ್ಕಿಂತ ಚಿಕ್ಕವಕ್ಕೆ ಎರಡೂ ಚಕ್ರವನ್ನು ಒಟ್ಟಿಗೆ ಹಿಡಿಯುವ ಕಾಂಬಿ ಬ್ರೇಕಾದರೂ ಕಡ್ಡಾಯವಾಯಿತು. ಹೀಗಾಗಿ ಅಲ್ಲಿಂದ ಹೊರಬರುವ ಸಾಧಾರಣ ಸ್ಕೂಟರಿನಲ್ಲೂ ಎಡಗೈ ಲಿವರ್ ಒತ್ತಿದರೆ ಹಿಂದಿನ ಚಕ್ರದ ಜೊತೆಗೆ ಮುಂದಿನದೂ ಹಿಡಿಯುತ್ತದೆ. ಸವಾರನಿಗೆ ಗೊತ್ತಿರಲಿ ಇಲ್ಲದಿರಲಿ, ಮುಂದಿನ ಬ್ರೇಕನ್ನು ಬಿಟ್ಟರೆ ಗಾಡಿ ನಿಲ್ಲುವುದಿಲ್ಲ ಎಂಬುದನ್ನು ಕಾನೂನು ಒಪ್ಪಿಕೊಂಡಂತಾಯಿತು. ಅದೇ ಕಾರ್ಖಾನೆಯ ಮುಂದೆ ಹಾದುಹೋಗುವ 1975ರ ಎಜ್ಡಿಗೆ ಈ ತಿಳಿವಳಿಕೆಯ ಯಾವ ಪಾಲೂ ದಕ್ಕಿಲ್ಲ.

ಮುಂದಿನ ಬ್ರೇಕು ಯಾಕೆ ಇಷ್ಟು ಮುಖ್ಯ ಎನ್ನುವುದಕ್ಕೆ ಲೆಕ್ಕ ಇದೆ. ಗಾಡಿ, ಸವಾರ ಸೇರಿ 210 ಕೆ.ಜಿ. ಎಂದುಕೊಳ್ಳೋಣ. ಎರಡು ಚಕ್ರಗಳ ನಡುವಿನ ಅಂತರ ಸುಮಾರು 1.35 ಮೀಟರ್, ಒಟ್ಟು ಭಾರದ ಕೇಂದ್ರ ನೆಲದಿಂದ 60 ಸೆಂಟಿಮೀಟರ್ ಮೇಲಿದೆ. ಸುಮ್ಮನೆ ನಿಂತಾಗ ಎರಡೂ ಚಕ್ರದ ಮೇಲೆ 105 ಕೆ.ಜಿ.ಯಂತೆ ಭಾರ. ಗಟ್ಟಿಯಾಗಿ ಬ್ರೇಕ್ ಹಾಕಿದೊಡನೆ ಮೈ ಮುಂದಕ್ಕೆ ವಾಲುವಂತೆ ಗಾಡಿಯ ಭಾರವೂ ಮುಂದಕ್ಕೆ ವಾಲುತ್ತದೆ. ಗುರುತ್ವದ 0.6 ಪಾಲಿನಷ್ಟು ವೇಗ ಕುಗ್ಗಿಸುವ ಬ್ರೇಕಿನಲ್ಲಿ ಮುಂದಿನ ಚಕ್ರದ ಮೇಲೆ 160 ಕೆ.ಜಿ.ಗೂ ಹೆಚ್ಚು ಭಾರ ಬೀಳುತ್ತದೆ. ಹಿಂದಿನದಕ್ಕೆ ಉಳಿಯುವುದು 50 ಕೆ.ಜಿ.ಗಿಂತ ಕಡಿಮೆ. ಟೈರಿನ ಹಿಡಿತ ಅದರ ಮೇಲಿನ ಭಾರವನ್ನು ಅವಲಂಬಿಸಿರುವುದರಿಂದ, ಭಾರವಿಲ್ಲದ ಹಿಂದಿನ ಚಕ್ರವನ್ನು ಎಷ್ಟು ತುಳಿದರೂ ಅದು ಜಾರೀತೇ ಹೊರತು ಗಾಡಿಯನ್ನು ಹಿಡಿದು ನಿಲ್ಲಿಸಲಾರದು.

ಒಣಗಿದ ಟಾರು ರಸ್ತೆ, ತಕ್ಕಮಟ್ಟಿಗೆ ಒಳ್ಳೆಯ ಟೈರು ಇದ್ದು ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುತ್ತಿದ್ದರೆ, ಹಿಂದಿನ ಬ್ರೇಕ್ ಒಂದರಿಂದಲೇ ನಿಲ್ಲಲು 50 ಮೀಟರ್ ಮೀರುತ್ತದೆ. ಮುಂದಿನ ಬ್ರೇಕ್ ಸಮರ್ಥವಾಗಿದ್ದರೆ ಅದೊಂದರಿಂದಲೇ 28 ಮೀಟರಿನ ಆಸುಪಾಸು ಸಾಕು. ಎರಡನ್ನೂ ಹದವಾಗಿ ಹಿಡಿದರೆ 24 ಮೀಟರ್. ವೇಗ 80ಕ್ಕೆ ಏರಿದರೆ ಹಿಂದಿನದು ಮಾತ್ರ ಇರುವವನಿಗೆ ಹತ್ತಿರ ಹತ್ತಿರ 95 ಮೀಟರ್ ಬೇಕು, ಎರಡೂ ಇರುವವನಿಗೆ 42. ಕಣ್ಣು ಕಂಡದ್ದು ಕೈಕಾಲಿಗೆ ತಲುಪುವ ಒಂದು ಸೆಕೆಂಡಿನಲ್ಲಿ ಸಾಗುವ ದೂರವನ್ನು ಇದರಲ್ಲಿ ಸೇರಿಸಿಲ್ಲ. ಡಿವೈಡರಿನ ಸಂದಿಯಿಂದ ಟ್ರ್ಯಾಕ್ಟರ್ ಮೂತಿ ಹೊರಬಂದಾಗ ಈ 50 ಮೀಟರಿನ ಅಂತರ ಏನನ್ನು ತೀರ್ಮಾನಿಸುತ್ತದೆ ಎಂದು ಈ ದಾರಿಯಲ್ಲಿ ಓಡಾಡುವ ಯಾರಿಗೂ ಹೇಳಬೇಕಾಗಿಲ್ಲ.

ಇಷ್ಟಿದ್ದರೂ ಕೋಲಾರ ಸೀಮೆಯಲ್ಲಿ ಗಾಡಿ ಕಲಿಸುವ ಅಪ್ಪ ಮಗನಿಗೆ ಮೊದಲು ಹೇಳುವ ಮಾತು, “ಲೇ, ಮುಂದಿನ್ ಬ್ರೇಕ್ ಮುಟ್ಟಬೇಡ, ಪಲ್ಟಿ ಹೊಡೀತೀಯ.” ಈ ಭಯ ಎಲ್ಲಿಂದ ಬಂತು ಎಂದು ಯೋಚಿಸಿದಾಗ ನನಗೆ ತೋರುವುದು ಹೀಗೆ. ಒಂದು ಪಾಲು ಸೈಕಲಿನಿಂದ ಬಂದದ್ದು. ಇನ್ನೊಂದು ಪಾಲು, ಅದೇ ದೊಡ್ಡದು, ಈ ಹಳೇ ಗಾಡಿಗಳಿಂದಲೇ ಬಂದದ್ದು. ಆ ಗಾಡಿಗಳ ಮುಂದಿನ ಬ್ರೇಕು ಒಂದೋ ಹಿಡಿಯುತ್ತಲೇ ಇರಲಿಲ್ಲ, ಇಲ್ಲವೇ ಡ್ರಮ್ ಅಂಡಾಕಾರವಾಗಿ ಒಮ್ಮೆ ಹಿಡಿದು ಒಮ್ಮೆ ಬಿಟ್ಟು ಕೈಯನ್ನು ನಡುಗಿಸುತ್ತಿತ್ತು. ಹಿಡಿಯದ ಬ್ರೇಕನ್ನು ಜನ ಬಳಸುವುದು ಬಿಟ್ಟರು. ಬಳಸದ ಬ್ರೇಕಿಗೆ ಯಾರೂ ದುಡ್ಡು ಹಾಕಲಿಲ್ಲ. ಕೇಬಲ್ ತುಕ್ಕು ಹಿಡಿಯಿತು, ಕ್ಯಾಮ್ ಒಣಗಿ ಕಚ್ಚಿಕೊಂಡಿತು. ಒಂದು ದಿನ ಗಾಬರಿಯಲ್ಲಿ ಯಾರೋ ಅದನ್ನು ಮುಷ್ಟಿ ಬಿಗಿದು ಎಳೆದಾಗ, ಮಳೆಯಲ್ಲೋ ಮರಳಿನ ಮೇಲೋ, ಗಾಡಿ ಜಾರಿತು. ಹೇಳಿದ ಮಾತು ನಿಜವಾಯಿತು ಎಂದು ಊರೇ ನಂಬಿತು. ಕಳಪೆ ಬ್ರೇಕು ಕಳಪೆ ಅಭ್ಯಾಸವನ್ನು ಹುಟ್ಟಿಸಿತು. ಆ ಅಭ್ಯಾಸ ಗಾಡಿ ಬದಲಾದ ಮೇಲೂ ಮನೆಯಲ್ಲಿ ಉಳಿಯಿತು. ಹಳೇ ಗಾಡಿಯ ಬ್ರೇಕು ಸರಿಪಡಿಸುವ ವಿಷಯ ಹವ್ಯಾಸಿಗಳಿಗೆ ಮಾತ್ರ ಸೇರಿದ್ದಲ್ಲ ಎಂದು ನಾನು ಭಾವಿಸುವುದು ಇದೇ ಕಾರಣಕ್ಕೆ.

ಇನ್ನೊಂದು ಕಾರಣವನ್ನು ಮೆಕ್ಯಾನಿಕ್‌ಗಳು ಬಲ್ಲರು, ಕೊಳ್ಳುವವರು ಮರೆಯುತ್ತಾರೆ. ಹಳೇ ಬುಲೆಟ್ಟಿನ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಇಂದಿನ ಎಲ್ಲ ಬೈಕಿನಲ್ಲೂ ಅದು ತಿರುವುಮುರುವು. ವಾರವೆಲ್ಲ ಹೊಸ ಬೈಕ್ ಓಡಿಸಿ ಭಾನುವಾರ ತಾತನ ಬುಲೆಟ್ ಹತ್ತಿದವನು ತುರ್ತಿನಲ್ಲಿ ಬಲಗಾಲು ಒತ್ತಿದರೆ ಗೇರು ಬೀಳುತ್ತದೆಯೇ ಹೊರತು ಬ್ರೇಕು ಬೀಳುವುದಿಲ್ಲ. ಮುಂದಿನ ಬ್ರೇಕಿನ ಲಿವರ್ ಮಾತ್ರ ಅಂದಿಗೂ ಇಂದಿಗೂ ಬಲಗೈಯಲ್ಲೇ ಇದೆ. ಗಾಬರಿಯಲ್ಲಿ ಮರೆಯದ ಒಂದೇ ಬ್ರೇಕು ಅದು. ಜಾವಾ, ಎಜ್ಡಿ, ರಾಜದೂತ್‌ಗಳ ತೊಡಕು ಬೇರೆ. ಅವು ಟೂ ಸ್ಟ್ರೋಕ್ ಇಂಜಿನ್ನುಗಳು, ಆಕ್ಸಿಲರೇಟರ್ ಬಿಟ್ಟಾಗ ಫೋರ್ ಸ್ಟ್ರೋಕಿನಷ್ಟು ಇಂಜಿನ್ ಹಿಡಿತ ಸಿಗುವುದಿಲ್ಲ. ಮುಳಬಾಗಿಲಿನ ಕಡೆಯ ಇಳಿಜಾರುಗಳಲ್ಲೋ ಅಂತರಗಂಗೆ ಬೆಟ್ಟದಿಂದ ಇಳಿಯುವಾಗಲೋ ಕೆಲಸವೆಲ್ಲ ಬ್ರೇಕಿನ ಪಾಲಿಗೇ ಬೀಳುತ್ತದೆ.

ಈ ಗಾಡಿಗಳನ್ನು ಕಟ್ಟಿದವರನ್ನು ದೂರುವುದು ನನ್ನ ಉದ್ದೇಶವಲ್ಲ. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಅವರ ಐಡಿಯಲ್ ಜಾವಾ ಕಾರ್ಖಾನೆಯನ್ನು ಮೈಸೂರಿನಲ್ಲಿ 1961ರಲ್ಲಿ ಜಯಚಾಮರಾಜ ಒಡೆಯರ್ ಉದ್ಘಾಟಿಸಿದಾಗ, 12 ಅಶ್ವಶಕ್ತಿಯ 250 ಸಿಸಿ ಗಾಡಿಗೆ 160 ಮಿಲಿಮೀಟರ್ ಡ್ರಮ್ ಆ ಕಾಲದ ಜಗತ್ತಿನ ವಾಡಿಕೆಗೆ ಒಪ್ಪುವಂಥದ್ದೇ ಆಗಿತ್ತು. ಸಾಮಾನ್ಯರು ಕೊಳ್ಳುವ ಗಾಡಿಯಲ್ಲಿ ಮುಂದಿನ ಡಿಸ್ಕನ್ನು ಜನಪ್ರಿಯಗೊಳಿಸಿದ ಹೋಂಡಾ ಸಿಬಿ750 ಬಂದದ್ದೇ 1969ರಲ್ಲಿ. ತೊಂದರೆ ಶುರುವಾದದ್ದು ಮುಂದೆ, ಇಂಜಿನ್ ಬೆಳೆದು ಬ್ರೇಕ್ ಬೆಳೆಯದಿದ್ದಾಗ. ಅದಕ್ಕೆ ಎದ್ದು ಕಾಣುವ ಉದಾಹರಣೆ ರಾಜದೂತ್ 350. ಜಪಾನಿನ ಯಮಾಹ ಆರ್‌ಡಿ350ಕ್ಕೆ ಮುಂದೆ ಡಿಸ್ಕ್ ಇತ್ತು. 1983ರಲ್ಲಿ ಎಸ್ಕಾರ್ಟ್ಸ್ ಕಂಪನಿ ಅದನ್ನು ಇಲ್ಲಿ ತಯಾರಿಸಿದಾಗ ಸುಮಾರು 30 ಅಶ್ವಶಕ್ತಿಯ ಇಂಜಿನ್ನು ಉಳಿಯಿತು, ಖರ್ಚು ತಗ್ಗಿಸಲು ಡಿಸ್ಕ್ ಹೋಗಿ ಡ್ರಮ್ ಬಂತು. ಈ ಗಾಡಿಯನ್ನು ಇಂದು ಮೂಲರೂಪದಲ್ಲೇ ಉಳಿಸಬೇಕು ಎನ್ನುವವರು ಯಾವ ಮೂಲವನ್ನು ಹೇಳುತ್ತಿದ್ದಾರೆ ಎಂದು ಕೇಳಬೇಕಾಗುತ್ತದೆ. ವಿನ್ಯಾಸಕಾರ ಬಯಸಿದ್ದು ಡಿಸ್ಕನ್ನು. ಡ್ರಮ್ಮು ಬಂದದ್ದು ಬೆಲೆಯ ಒತ್ತಡದಿಂದ.

ಹಾಗಾದರೆ ಎಲ್ಲರೂ ಡಿಸ್ಕ್ ಹಾಕಿಸಿಬಿಡಬೇಕೇ? ಇಲ್ಲಿ ನಾನು ಉತ್ಸಾಹಿಗಳ ಜೊತೆ ಜಗಳ ಆಡಬೇಕಾಗುತ್ತದೆ. “ಭಾಯ್, ಮುಂದಕ್ಕೆ ಒಂದು ಡಿಸ್ಕ್ ಹಾಕ್ಕೊಟ್ಬಿಡಿ” ಎಂದು ಗ್ಯಾರೇಜಿಗೆ ಬರುವ ನೂರು ಜನರಲ್ಲಿ ಬಹುಪಾಲು ಮಂದಿ ತಮ್ಮ ಡ್ರಮ್ಮು ಸರಿಯಾಗಿ ಕೆಲಸ ಮಾಡಿದ್ದನ್ನು ಒಮ್ಮೆಯೂ ಕಂಡಿಲ್ಲ. ಸುಸ್ಥಿತಿಯ ಡ್ರಮ್ಮಿಗೂ ನಾವು ಈಗ ಓಡಿಸುತ್ತಿರುವ ಡ್ರಮ್ಮಿಗೂ ಇರುವ ದೂರ, ಒಳ್ಳೆಯ ಡ್ರಮ್ಮಿಗೂ ಡಿಸ್ಕಿಗೂ ಇರುವ ದೂರಕ್ಕಿಂತ ದೊಡ್ಡದು.

ಡ್ರಮ್ ಒಳಗೆ ಎರಡು ಶೂಗಳಿವೆ. ಕ್ಯಾಮ್ ತಿರುಗಿದಾಗ ಅವು ಅಗಲವಾಗಿ ಡ್ರಮ್ಮಿಗೆ ಒತ್ತುತ್ತವೆ. ಚಕ್ರ ತಿರುಗುವ ದಿಕ್ಕಿಗೆ ಮುಖ ಮಾಡಿದ ಶೂವನ್ನು ಡ್ರಮ್ಮೇ ಇನ್ನಷ್ಟು ಒಳಗೆಳೆದುಕೊಂಡು ಬಿಗಿಯುತ್ತದೆ. ಇದು ಲೀಡಿಂಗ್ ಶೂ. ಇನ್ನೊಂದನ್ನು ಡ್ರಮ್ಮು ಹೊರಕ್ಕೆ ತಳ್ಳುತ್ತದೆ, ಅದರ ಪಾಲಿನ ಕೆಲಸ ಕಡಿಮೆ. ಹಳೆಯ ಗಾಡಿಗಳ ಮುಂದಿನ ಡ್ರಮ್ಮುಗಳಲ್ಲಿ ಹೆಚ್ಚಿನವು ಹೀಗೆ ಒಂದೇ ಲೀಡಿಂಗ್ ಶೂ ಇರುವಂಥವು. ಈ ಇಡೀ ವ್ಯವಸ್ಥೆ ನಂಬಿರುವುದು ಒಂದೇ ಸಂಗತಿಯನ್ನು: ಲೈನಿಂಗಿನ ಬಾಗು ಡ್ರಮ್ಮಿನ ಬಾಗಿಗೆ ಉದ್ದಕ್ಕೂ ಕೂಡಿಕೊಳ್ಳಬೇಕು. ಅಂಗಡಿಯಿಂದ ತಂದು ಹಾಗೇ ಕೂರಿಸಿದ ಹೊಸ ಶೂ ಎರಡು ತುದಿಯಲ್ಲೋ ನಡುವೆಯೋ ಒಂದು ಬೆರಳಗಲ ತಾಗುತ್ತದೆ, ಅಷ್ಟೆ. ಹೊಸ ಶೂ ಹಾಕಿಸಿದೆ ಎಂಬ ಸಮಾಧಾನದಲ್ಲಿ ಸವಾರ ಹೊರಡುತ್ತಾನೆ.

ಮಾಡಬೇಕಾದ ಕೆಲಸದ ಕ್ರಮ ಬೇರೆ. ಮೊದಲು ಕಡ್ಡಿಗಳನ್ನು, ಅಂದರೆ ಸ್ಪೋಕುಗಳನ್ನು, ಪೂರ್ತಿ ಬಿಗಿದು ರಿಮ್ಮಿನ ಓರೆ ತೆಗೆಸಬೇಕು. ಸ್ಪೋಕಿನ ಎಳೆತಕ್ಕೇ ಹಬ್ಬು ಕೂದಲೆಳೆಯಷ್ಟು ಸೊಟ್ಟಗಾಗುತ್ತದೆ. ಆಮೇಲೆ ಚಕ್ರವನ್ನು ಇಡಿಯಾಗಿ ಲೇತಿಗೆ ಏರಿಸಿ ಡ್ರಮ್ಮನ್ನು ಉರುಟು ಬರುವಷ್ಟು ಮಾತ್ರ, ತೀರಾ ತೆಳುವಾಗಿ ತಿರುಗಿಸಬೇಕು. ಬಿಡಿ ಹಬ್ಬನ್ನು ಮೊದಲು ತಿರುಗಿಸಿ ಆಮೇಲೆ ಸ್ಪೋಕು ಕಟ್ಟಿದರೆ ಮಾಡಿದ ಕೆಲಸ ಕೆಟ್ಟಂತೆ. 18 ಅಥವಾ 19 ಅಂಗುಲದ ರಿಮ್ ಸಮೇತ ಚಕ್ರ ತಿರುಗಬಲ್ಲ ದೊಡ್ಡ ಲೇತು ಎಲ್ಲ ಊರಲ್ಲೂ ಇರುವುದಿಲ್ಲ. ಆದರೆ ಗಣಿಯ ವರ್ಕ್‌ಶಾಪುಗಳು 2001ರವರೆಗೂ ನಡೆದ, 1964ರಲ್ಲಿ ಹುಟ್ಟಿದ ಬೆಮೆಲ್ ಇಂದಿಗೂ ಮಣ್ಣು ತೋಡುವ ಯಂತ್ರಗಳನ್ನು ಮಾಡುತ್ತಿರುವ ಕೆಜಿಎಫ್ ನಮ್ಮ ಜಿಲ್ಲೆಯಲ್ಲೇ ಇದೆ. ಮಿಲಿಮೀಟರಿನ ನೂರನೇ ಪಾಲನ್ನು ಕೈಬೆರಳಲ್ಲಿ ತಿಳಿಯುವ ಟರ್ನರ್‌ಗಳ ಪರಂಪರೆ ಇಲ್ಲಿಗೆ ಹೊಸದಲ್ಲ. ಆ ಕೈಗಳಿಗೆ ಕೆಲಸ ಕೊಡುವುದು ಕೂಡ ಈ ಗಾಡಿಗಳನ್ನು ಉಳಿಸಿಕೊಳ್ಳುವ ಒಂದು ಬಗೆ.

ಡ್ರಮ್ ಉರುಟಾದ ಮೇಲೆ ಶೂಗಳಿಗೆ ಸ್ವಲ್ಪ ದಪ್ಪ, ಸ್ವಲ್ಪ ಮೆದು ಲೈನಿಂಗ್ ಹಾಕಿಸಿ, ಶೂಗಳನ್ನು ಬ್ರೇಕ್ ಪ್ಲೇಟಿನ ಮೇಲೆಯೇ ಕೂರಿಸಿ, ಡ್ರಮ್ಮಿನ ಅಳತೆಗೆ ತಿರುಗಿಸಬೇಕು. ಲೈನಿಂಗ್ ಗಟ್ಟಿಯಾಗಿದ್ದಷ್ಟೂ ಬಾಳಿಕೆ ಹೆಚ್ಚು ಎಂಬ ಲೆಕ್ಕಾಚಾರ ಲಾರಿಗೆ ಸರಿ. ವರ್ಷಕ್ಕೆ ಕೆಲವೇ ಸಾವಿರ ಕಿ.ಮೀ. ಓಡುವ ಹಳೇ ಮೋಟಾರ್‌ಸೈಕಲ್ಲಿಗೆ ಬೇಗ ಸವೆದರೂ ಚೆನ್ನಾಗಿ ಹಿಡಿಯುವ ಲೈನಿಂಗೇ ಬೇಕು. ಇಲ್ಲಿ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಡ್ರಮ್ ಬಿಚ್ಚಿದೊಡನೆ ಗಾಳಿ ಪೈಪು ಹಿಡಿದು ಧೂಳು ಊದಿಸುವುದು ನಮ್ಮ ಗ್ಯಾರೇಜುಗಳ ರೂಢಿ, ಆ ಧೂಳು ನೇರ ಹೋಗುವುದು ಪಕ್ಕದಲ್ಲಿ ಕೂತ ಕಲಿಯುವ ಹುಡುಗನ ಎದೆಗೆ. ಒದ್ದೆ ಬಟ್ಟೆಯಿಂದ ಒರೆಸಿ, ಆ ಬಟ್ಟೆಯನ್ನು ಕಟ್ಟಿ ಎಸೆಯಲು ಐದು ನಿಮಿಷ ಸಾಕು. ಗಾಡಿಯ ಯಜಮಾನ ನಿಂತು ಕೇಳಿದರೆ ಮೇಸ್ತ್ರಿ ಮಾಡುತ್ತಾನೆ.

ಮಿಕ್ಕದ್ದು ಸಣ್ಣ ಕೆಲಸಗಳು, ಆದರೆ ಒಂದೂ ಬಿಡುವಂಥದ್ದಲ್ಲ. ಕ್ಯಾಮ್ ಬುಷ್ ಸಡಿಲವಿದ್ದರೆ ಹೊಸದು ಹಾಕಬೇಕು. ಹಿಗ್ಗುವ ಹಳೇ ಕೇಬಲ್ ತೆಗೆದು ಒಳತಂತಿ ದಪ್ಪವಿರುವ ಕೇಬಲ್ ಹಾಕಬೇಕು. ಕೈಯ ಬಲದ ಎಷ್ಟೋ ಪಾಲು ಕೇಬಲ್ ಹಿಗ್ಗುವುದರಲ್ಲೇ ಕಳೆದುಹೋಗುತ್ತದೆ. ಬ್ರೇಕ್ ಹಿಡಿದಾಗ ಕ್ಯಾಮಿನ ಆರ್ಮು ಕೇಬಲಿಗೆ ಸರಿಯಾಗಿ ಲಂಬಕೋನದಲ್ಲಿ ನಿಲ್ಲುವಂತೆ ಕೂರಿಸಬೇಕು. ಕೊನೆಗೆ ಆಕ್ಸಲ್ ನಟ್ಟನ್ನು ಸಡಿಲವಾಗಿಟ್ಟು, ಲಿವರನ್ನು ಬಲವಾಗಿ ಹಿಡಿದುಕೊಂಡೇ ನಟ್ ಬಿಗಿಯಬೇಕು. ಆಗ ಶೂಗಳು ಡ್ರಮ್ಮಿನ ನಟ್ಟನಡುವೆ ತಾವೇ ಕೂರುತ್ತವೆ. ಕಾಸು ಖರ್ಚಿಲ್ಲದ ಈ ಕೊನೆಯ ಕೆಲಸ ಮಾಡಿದಾಗಿನ ವ್ಯತ್ಯಾಸ ಲಿವರ್ ಹಿಡಿದ ಬೆರಳಿಗೆ ಆಗಲೇ ಗೊತ್ತಾಗುತ್ತದೆ. ಇವೆಲ್ಲಕ್ಕೂ ಮೊದಲು ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿ ಓದಬೇಕು. 2312 ಎಂದಿದ್ದರೆ ಅದು 2012ರ 23ನೇ ವಾರ ತಯಾರಾದ ಟೈರು. ಗುಂಡಿಗಳು ಎಷ್ಟೇ ಆಳ ಉಳಿದಿರಲಿ, ಆ ರಬ್ಬರು ಗಡುಸಾಗಿ ಹಿಡಿತ ಕಳೆದುಕೊಂಡಿರುತ್ತದೆ.

ಇಷ್ಟಾದ ಮೇಲೂ ಸಾಲದು ಎನಿಸಿದರೆ ಮುಂದಿನ ಹೆಜ್ಜೆ ಎರಡೂ ಶೂಗಳು ಲೀಡಿಂಗ್ ಆಗುವಂಥ ಡ್ರಮ್ಮು. ಎನ್‌ಫೀಲ್ಡ್ ಕಂಪನಿಯೇ ಆಮೇಲಿನ ಬುಲೆಟ್ಟುಗಳಿಗೆ 7 ಅಂಗುಲದ ಇಂಥ ಡ್ರಮ್ ಕೊಟ್ಟಿತು. ಅದರ ಬಿಡಿಭಾಗಗಳು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕುವವರಿಗೆ ಸಿಗುತ್ತವೆ. ಹಳೆಯ ಬುಲೆಟ್ಟಿಗೆ ಇದು ನನಗೆ ಅತ್ಯಂತ ಒಪ್ಪಿಗೆಯಾದ ಸುಧಾರಣೆ: ಗಾಡಿಯ ಚಹರೆ ಕೆಡುವುದಿಲ್ಲ, ಹಿಡಿತ ಸ್ಪಷ್ಟವಾಗಿ ಹೆಚ್ಚುತ್ತದೆ. ಎರಡು ಕ್ಯಾಮುಗಳನ್ನು ಜೋಡಿಸುವ ಕಡ್ಡಿಯನ್ನು ಎರಡೂ ಶೂ ಒಂದೇ ಕ್ಷಣಕ್ಕೆ ತಾಗುವಂತೆ ಹೊಂದಿಸಬೇಕು. ಇಲ್ಲದಿದ್ದರೆ ಒಂದೇ ಶೂ ಕೆಲಸ ಮಾಡಿ, ದುಡ್ಡು ದಂಡ. ಏರಿನಲ್ಲಿ ನಿಂತ ಗಾಡಿ ಹಿಂದಕ್ಕೆ ಜರಗುವಾಗ ಈ ಬಗೆಯ ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ, ಆಗ ಕಾಲಿನ ಬ್ರೇಕು ಬೇಕು ಎನ್ನುವುದೂ ತಿಳಿದಿರಲಿ. ಇನ್ನು ಬೇರೆ ಗಾಡಿಯ ಪ್ಲೇಟು ತಂದು ಕೂರಿಸುವವರು ಒಂದನ್ನು ಪ್ರಾಣದಷ್ಟೇ ಜೋಪಾನ ಮಾಡಬೇಕು. ಬ್ರೇಕ್ ಪ್ಲೇಟನ್ನು ತಿರುಗದಂತೆ ಫೋರ್ಕಿಗೆ ತಡೆದು ಹಿಡಿಯುವ ಆಧಾರ ಅದು. ಹಳೆಯ ಬ್ರೇಕಿಗೆ ಸಾಕಾಗುತ್ತಿದ್ದ ಆಧಾರ ಹೊಸ ಬಲಕ್ಕೆ ಮುರಿದರೆ ಪ್ಲೇಟು ಚಕ್ರದ ಜೊತೆ ತಿರುಗಿ, ಕೇಬಲ್ ಸುತ್ತಿಕೊಂಡು, ಚಕ್ರ ಅಲ್ಲೇ ಬಿಗಿದುಬಿಡುತ್ತದೆ.

ಡಿಸ್ಕ್ ಹಾಕಿಸಲೇಬೇಕು ಎನ್ನುವವರಿಗೆ ನನ್ನ ಮಾತು ಒಂದೇ. ಬಿಡಿಬಿಡಿಯಾಗಿ ಬೇಡ. 2000ರ ದಶಕದಲ್ಲಿ ಬುಲೆಟ್ ಕುಟುಂಬದ ಗಾಡಿಗಳಿಗೆ ಕಂಪನಿಯೇ 280 ಮಿಲಿಮೀಟರ್ ಡಿಸ್ಕ್ ಕೊಟ್ಟಿತು. ಅಂಥ ಗಾಡಿಯ ಮುಂಭಾಗವನ್ನು ಫೋರ್ಕು, ಆಕ್ಸಲ್, ಚಕ್ರ, ಕ್ಯಾಲಿಪರ್, ಮಾಸ್ಟರ್ ಸಿಲಿಂಡರ್ ಸಮೇತ ಇಡಿಯಾಗಿ ಹಳೆಯ ಬುಲೆಟ್ಟಿಗೆ ಕೂರಿಸುವುದು ಒಂದು ಮಾತು. ಹಳೆಯ ಫೋರ್ಕಿನ ಕೊಳವೆಗೆ ಕಬ್ಬಿಣದ ತುಂಡು ಬೆಸೆದು, ಯಾವುದೋ ಗಾಡಿಯ ಕ್ಯಾಲಿಪರ್ ನೇತುಹಾಕುವುದು ಇನ್ನೊಂದು ಮಾತು. ಡಿಸ್ಕಿನ ತಿರುಚು ಬಲವೆಲ್ಲ ಫೋರ್ಕಿನ ಒಂದೇ ಕಾಲಿನ ಮೇಲೆ ಬೀಳುತ್ತದೆ. ತೆಳ್ಳನೆಯ ಕೊಳವೆ, ಸಣ್ಣ ಆಕ್ಸಲ್, ಸವೆದ ಕೋನ್‌ಸೆಟ್ ಇರುವ ಗಾಡಿಯಲ್ಲಿ ಗಟ್ಟಿಯಾಗಿ ಹಿಡಿದಾಗ ಹ್ಯಾಂಡಲ್ ಒಂದು ಕಡೆಗೆ ಎಳೆಯುತ್ತದೆ. ಬೆಸುಗೆಯ ಪಕ್ಕದ ಲೋಹ ಬಿಸಿಯುಂಡು ದುರ್ಬಲವಾಗಿರುತ್ತದೆ. ಮಾಸ್ಟರ್ ಸಿಲಿಂಡರಿನ ಅಳತೆ ಕ್ಯಾಲಿಪರಿನ ಪಿಸ್ಟನ್ನಿಗೆ ಹೊಂದದಿದ್ದರೆ ಲಿವರ್ ಕಲ್ಲಿನಂತಿರುತ್ತದೆ, ಇಲ್ಲವೇ ಹಿಡಿಕೆಗೇ ಬಂದು ತಾಗುತ್ತದೆ. ಗಾಳಿಯ ತೇವ ಹೀರಿಕೊಳ್ಳುವ ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು. ವರ್ಷಕ್ಕೆ ನಾಲ್ಕು ಸಲ ಹೊರಬರುವ ಗಾಡಿಯಲ್ಲಿ ಇದನ್ನು ನೆನಪಿಡುವವರು ಕಡಿಮೆ.

ಇದಕ್ಕಿಂತ ಮುಖ್ಯವಾದದ್ದು ನಮ್ಮ ರಸ್ತೆಗಳ ಸ್ವಭಾವ. ರಾಗಿ, ಹುರುಳಿ ಕೊಯ್ಲಿನ ಕಾಲಕ್ಕೆ ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಹಳ್ಳಿ ದಾರಿಗಳೇ ಒಕ್ಕಣೆ ಕಣ. ವಾಹನ ತುಳಿಯಲೆಂದು ಹರಡಿದ ಹುಲ್ಲು ಟಾರಿನ ಮೇಲೆ ಜಾರುಹಾಸಾಗಿರುತ್ತದೆ. ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರದ ಮಂಡಿಗಳ ಸುತ್ತ ನೆಲವೆಲ್ಲ ಹಣ್ಣಿನ ರಸ. ಮಾಲೂರಿನ ಇಟ್ಟಿಗೆ, ಹೆಂಚಿನ ಕಾರ್ಖಾನೆಗಳಿಂದ ಬರುವ ಟ್ರ್ಯಾಕ್ಟರುಗಳು ತಿರುವಿನಲ್ಲೆಲ್ಲ ಜೇಡಿಮಣ್ಣು, ಇಟ್ಟಿಗೆ ಪುಡಿ ಉದುರಿಸಿರುತ್ತವೆ. ಹೊಸ ದೊಡ್ಡ ಗಾಡಿಗಳಿಗೆ ಎಬಿಎಸ್ ಇದೆ, ಚಕ್ರ ಬಿಗಿಯುವ ಮೊದಲೇ ಬಿಡಿಸಿಕೊಳ್ಳುತ್ತದೆ. ಹಳೆಯ ಗಾಡಿಯಲ್ಲಿ ಆ ಕೆಲಸ ಮಾಡಬೇಕಾದದ್ದು ಸವಾರನ ಎರಡು ಬೆರಳು. ಆದ್ದರಿಂದ ನಮಗೆ ಬೇಕಾದ ಬ್ರೇಕಿನಲ್ಲಿ ಬಲದಷ್ಟೇ ಹದವೂ ಇರಬೇಕು: ಒತ್ತಿದಷ್ಟೇ ಹಿಡಿದು, ಸಡಿಲಿಸಿದ ಕೂಡಲೇ ಬಿಡಬೇಕು. ಮೂರು ಅಂಗುಲದ ಸುಮಾರಿನ ಸಪೂರ ಟೈರಿನ ಮುಂದೆ ಒಮ್ಮೆಲೇ ಕಚ್ಚುವ ಡಿಸ್ಕು ಹುಲ್ಲು ಹಾಸಿನ ಮೇಲೆ ಅಪಾಯ. ಚೆನ್ನಾಗಿ ಹೊಂದಿಸಿದ ಡ್ರಮ್ಮಿಗೆ ಈ ಹದ ಸಹಜವಾಗಿ ಇದೆ. ಡ್ರಮ್ಮಿನ ಪರವಾಗಿ ನಾನು ಇಷ್ಟು ಮಾತಾಡುತ್ತಿರುವುದು ಹಳೆಯದರ ಮೇಲಿನ ಮೋಹದಿಂದಲ್ಲ.

ಮೂಲರೂಪದ ಪ್ರಶ್ನೆಗೆ ಬರೋಣ. ಹಳೇ ವಾಹನ ನಮ್ಮ ಯಂತ್ರ ಇತಿಹಾಸದ ದಾಖಲೆ, ಅದರ ಒಂದು ಬೋಲ್ಟೂ ಬದಲಾಗಬಾರದು ಎನ್ನುವವರ ವಾದವನ್ನು ನಾನು ಗೌರವಿಸುತ್ತೇನೆ. ಅಂಥವರಿಗಾಗಿ ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ನಿಯಮ ತಂದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಗಾಡಿಗೆ ವಿಂಟೇಜ್ ಎಂದು ‘ವಿಎ’ ಅಕ್ಷರದ ನಂಬರು ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಹತ್ತು ವರ್ಷದ ಅವಧಿ. ಆದರೆ ಆ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲಿನಂಥ ಕೆಲಸಕ್ಕೆ ಮಾತ್ರ ರಸ್ತೆಗಿಳಿಯಬಹುದು. ಅಂದರೆ ಇತಿಹಾಸದ ದಾಖಲೆಯಾಗಿ ಇಡುವ ಗಾಡಿ ಬೇರೆ, ಕೆಎ-07ರ ಫಲಕ ಹೊತ್ತು ಬೆಳಗ್ಗೆ ಡೈರಿಗೆ, ಸಂಜೆ ಬಂಗಾರಪೇಟೆಗೆ ಹೋಗುವ ಗಾಡಿ ಬೇರೆ ಎಂಬ ಗೆರೆಯನ್ನು ಕಾನೂನೇ ಎಳೆದಿದೆ. ಮೊದಲನೆಯದನ್ನು ಹಾಗೇ ಇಡಿ. ಎರಡನೆಯದರ ಮೇಲೆ ಕೂರುವುದು ಮನುಷ್ಯ, ಅದರ ಮುಂದೆ ರಸ್ತೆ ದಾಟುವುದೂ ಮನುಷ್ಯ. ಜಾವಾ ಹೆಸರನ್ನು 2018ರಲ್ಲಿ ಮತ್ತೆ ತಂದವರು ಟ್ಯಾಂಕಿನ ಆಕಾರ, ಸೈಲೆನ್ಸರಿನ ನೋಟ, ಬಣ್ಣ ಎಲ್ಲವನ್ನೂ ಹಳೆಯದರಿಂದ ಎತ್ತಿಕೊಂಡರು. ಮುಂದಿನ ಬ್ರೇಕನ್ನು ಮಾತ್ರ ಎತ್ತಿಕೊಳ್ಳಲಿಲ್ಲ. ಅಲ್ಲಿ ಡಿಸ್ಕ್, ಎಬಿಎಸ್ ಬಂತು.

ಕಾನೂನಿನ ಇನ್ನೊಂದು ಮುಖ ಕಷ್ಟದ್ದು. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ, ಆರ್‌ಸಿಯಲ್ಲಿ ದಾಖಲಾದ ವಿವರಗಳಿಗೆ ವಿರುದ್ಧವಾಗಿ ವಾಹನ ಮಾರ್ಪಡಿಸುವುದನ್ನು ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಇದನ್ನು ಬಿಗಿಯಾಗಿ ಎತ್ತಿಹಿಡಿಯಿತು. ಕಿವಿ ಒಡೆಯುವ ಸೈಲೆನ್ಸರು, ಅಗಲಿಸಿದ ಹ್ಯಾಂಡಲು, ಕತ್ತರಿಸಿದ ಮಡ್‌ಗಾರ್ಡುಗಳ ಕಾಟ ನೋಡಿದವರಿಗೆ ಈ ಬಿಗಿ ಬೇಕೆಂದೇ ಅನಿಸುತ್ತದೆ. ಆದರೆ ಸೈಲೆನ್ಸರಿನ ಜಾಲರಿ ಕಿತ್ತವನನ್ನೂ ಬ್ರೇಕ್ ಬಲಪಡಿಸಿಕೊಂಡವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಆರ್‌ಸಿಯಲ್ಲಿ ಸಿಸಿ, ಇಂಧನ, ತೂಕ, ಬಣ್ಣದ ಕಾಲಂಗಳಿವೆ, ಬ್ರೇಕಿನ ಕಾಲಂ ಇಲ್ಲ. ಡ್ರಮ್ ತಿರುಗಿಸಿ ಲೈನಿಂಗ್ ಹಾಕಿಸುವುದು ದುರಸ್ತಿಯೇ, ಅದಕ್ಕೆ ಯಾರೂ ಅಡ್ಡಿ ಮಾಡುವಂತಿಲ್ಲ. ಅದೇ ಕಂಪನಿಯ, ಅದೇ ಕುಟುಂಬದ ಆಮೇಲಿನ ಗಾಡಿಯ ಬ್ರೇಕನ್ನು ಹಾಕಿಕೊಳ್ಳಲು ಸಾರಿಗೆ ಇಲಾಖೆ ಪರೀಕ್ಷೆ ಮಾಡಿ ಬರಹದಲ್ಲಿ ಅನುಮತಿ ಕೊಡುವ ದಾರಿ ಇರಬೇಕು. 2019ರ ತಿದ್ದುಪಡಿಯು ಕಿಟ್‌ಗಳಂಥ ಮಾರ್ಪಾಡಿಗೆ ಷರತ್ತುಗಳನ್ನು ಗೊತ್ತುಮಾಡುವ ಅವಕಾಶವನ್ನು ಸರ್ಕಾರಕ್ಕೆ ಕೊಟ್ಟಿರುವಾಗ ಇದು ಆಗದ ಕೆಲಸವೇನಲ್ಲ.

15 ವರ್ಷ ತುಂಬಿದ ಗಾಡಿ ಐದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣಕ್ಕೆ ಬರಲೇಬೇಕು. ಹಳೇ ಗಾಡಿಗಳೆಲ್ಲ ಒಂದೊಂದಾಗಿ ಇಲಾಖೆಯ ಕಣ್ಣೆದುರು ಬಂದು ನಿಲ್ಲುವ ಆ ದಿನ ಚಾಸಿಸ್ ನಂಬರಿನ ಅಚ್ಚು ತೆಗೆಯುವುದರ ಜೊತೆಗೆ ಒಂದು ಗೆರೆ ಎಳೆದು, ಗಂಟೆಗೆ 40 ಕಿ.ಮೀ. ವೇಗದಲ್ಲಿ ಬಂದ ಗಾಡಿ ಎಷ್ಟು ಮೀಟರಿಗೆ ನಿಂತಿತು ಎಂದು ಟೇಪು ಹಿಡಿದು ಅಳೆಯಬಹುದು. ದೊಡ್ಡ ಯಂತ್ರ ಬೇಕಾಗಿಲ್ಲ. ಹಾಗೆಯೇ ಲೈಸೆನ್ಸಿನ ಪರೀಕ್ಷೆ. ಕೇಂದ್ರದ ನಿಯಮಗಳಲ್ಲಿ ಪರೀಕ್ಷೆಗೆ ಬಂದವರು ತುರ್ತಾಗಿ ವಾಹನ ನಿಲ್ಲಿಸಿ ತೋರಿಸುವುದೂ ಸೇರಿದೆ. ನಮ್ಮಲ್ಲಿ ಹುಡುಗರು ತಯಾರಾಗುವುದು ಎಂಟರ ಆಕಾರ ಸುತ್ತಲು. ಅದನ್ನು ಸುತ್ತುವ ನಿಧಾನದಲ್ಲಿ ಮುಂದಿನ ಬ್ರೇಕಿನ ಅಗತ್ಯವೇ ಬೀಳುವುದಿಲ್ಲ. ತೆರವಾದ ಒಂದು ಮೈದಾನದಲ್ಲಿ 20 ಕಿ.ಮೀ. ವೇಗದಿಂದ ಶುರುಮಾಡಿ, ಲಿವರನ್ನು ಮೊದಲು ಮೆತ್ತಗೆ ಹಿಡಿದು, ಭಾರ ಮುಂದಕ್ಕೆ ವಾಲಿದ್ದು ಕೈಗೆ ತಿಳಿದ ಮೇಲೆ ಬಿಗಿ ಹೆಚ್ಚಿಸುತ್ತಾ, ಹಿಂದಿನದನ್ನು ಜೊತೆಗೂಡಿಸಿ ನಿಲ್ಲಿಸುವುದನ್ನು ಯಾವ ಅಪ್ಪನೂ ಒಂದು ಬೆಳಗಿನಲ್ಲಿ ಕಲಿಸಬಹುದು. ಗಾಡಿ ಹೊಸ ಲೈನಿಂಗ್ ಹಾಕಿಸಿಕೊಂಡು ಬಂದ ವಾರ ಅದಕ್ಕೆ ಸರಿಯಾದ ಹೊತ್ತು. ಶೂಗಳು ಡ್ರಮ್ಮಿಗೆ ಪಳಗಲು ಹೇಗೂ ಅಂಥ ಹದವಾದ ಬ್ರೇಕುಗಳು ನೂರಾರು ಬೇಕು.